ಏರ್ ಫ್ರೈಯರ್‌ನಲ್ಲಿ ಕುರಿ ಚಾಪ್ಸ್ ಕೆಟ್ಟರೆ ದೋಷವನ್ನು ಹುಡುಕುವ ಬಗೆ

ಏರ್ ಫ್ರೈಯರ್ ಜೊತೆಗೆ ಬರುವ ಪುಸ್ತಿಕೆಗಳಲ್ಲಿ ಕುರಿ ಚಾಪ್ಸ್‌ಗೆ ಮೀಸಲಾಗಿರುವುದು ಹೆಚ್ಚೆಂದರೆ ಒಂದು ಸಾಲು: 200 ಡಿಗ್ರಿ, ಸುಮಾರು 10 ನಿಮಿಷ, ನಡುವೆ ಒಮ್ಮೆ ಮಗುಚಬೇಕು. ಆ ಸಾಲನ್ನು ಅಕ್ಷರಶಃ ನಂಬಿ, ತುಮಕೂರಿನ ನಮ್ಮ ಮನೆಯಲ್ಲಿ ಒಂದು ಹೊಸತೊಡಕಿನ ದಿನ ನಾನು ಹನ್ನೆರಡು ಚಾಪ್ಸ್‌ಗಳನ್ನು ಎರಡು ಸರದಿಯಲ್ಲಿ ಸುಟ್ಟೆ. ನೋಟಕ್ಕೆ ಅವು ಹೋಟೆಲಿನ ತಟ್ಟೆಯಲ್ಲಿ ಬರುವಂತೆಯೇ ಇದ್ದವು. ಶಿರಾ ಕಡೆಯವರಾದ ನಮ್ಮ ಅತ್ತೆ ಒಂದು ತುಂಡನ್ನು ಕಚ್ಚಿ, ಎಳೆದು, ಮತ್ತೊಮ್ಮೆ ಎಳೆದು, ತಟ್ಟೆಯ ಅಂಚಿನಲ್ಲಿಟ್ಟು, "ಚಾಪ್ಸ್ ಅಲ್ಲ ಕಣಮ್ಮ ಇದು, ಚಕ್ಕಳ" ಎಂದರು. ಅಂದಿನಿಂದ ಒಂದು ವರ್ಷದವರೆಗೆ, ಪ್ರತಿಸಲವೂ ಒಂದೇ ಒಂದು ಅಂಶವನ್ನು ಬದಲಾಯಿಸಿ, ಏನಾಯಿತೆಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡು ಕಲಿತದ್ದನ್ನು ಇಲ್ಲಿ ಲಕ್ಷಣಗಳ ಪ್ರಕಾರ ಬರೆದಿದ್ದೇನೆ. ಒಂದೇ ಸಲಕ್ಕೆ ಶಾಖ, ಸಮಯ, ಮಸಾಲೆ ಮೂರನ್ನೂ ಬದಲಾಯಿಸಿದರೆ ಚಾಪ್ಸ್ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ಭಾನುವಾರ ಅದೇ ದೋಷ ಮರಳಿ ಬರುತ್ತದೆ.

ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ದೋಷಗಳು ಯಂತ್ರದೊಳಗೆ ಹುಟ್ಟಿದವಲ್ಲ. ಅವು ಮಟನ್ ಅಂಗಡಿಯ ಕೊರಡಿನ ಮೇಲೆಯೇ ಹುಟ್ಟಿರುತ್ತವೆ. ಆದ್ದರಿಂದ ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ಲಕ್ಷಣ: ಹೊರಗೆ ಚೆನ್ನಾಗಿ ಕಂದಾಗಿದೆ, ಆದರೆ ಹಲ್ಲಿಗೆ ಬಗ್ಗುತ್ತಿಲ್ಲ

ಮೊದಲು ಕೇಳಿಕೊಳ್ಳಬೇಕಾದದ್ದು ಪ್ರಾಣಿಯ ವಯಸ್ಸನ್ನು. ಪುಸ್ತಿಕೆಯ 10 ನಿಮಿಷದ ಲೆಕ್ಕವು ಒಂದು ವರ್ಷ ತುಂಬದ ಮರಿಯ ಮಾಂಸಕ್ಕೆ ಹೊಂದುವಂಥದ್ದು. ನಮ್ಮ ಕಡೆ, ಅದರಲ್ಲೂ ಹಬ್ಬದ ದಿನಗಳಲ್ಲಿ, ಕೊಯ್ಯುವುದು ಹೆಚ್ಚಾಗಿ ಬೆಳೆದ ಟಗರನ್ನು. ಶಿರಾ, ಪಾವಗಡ, ಮಧುಗಿರಿಯ ಬಯಲಿನಲ್ಲಿ ದಿನವಿಡೀ ನಡೆದು ಮೇಯ್ದ ಟಗರಿನ ಮಾಂಸಕ್ಕೆ ರುಚಿ ಹೆಚ್ಚು ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಆ ನಡಿಗೆಯೇ ಮಾಂಸಖಂಡಗಳ ನಡುವಿನ ಬಂಧಕ ಅಂಗಾಂಶವನ್ನು ಬಲಪಡಿಸಿರುತ್ತದೆ. ಕೊಲಾಜೆನ್ ಎಂಬ ಆ ಅಂಶವು ಮೆತ್ತಗಿನ ಜೆಲಟಿನ್ ಆಗಿ ಕರಗಬೇಕಾದರೆ ಮಾಂಸದ ಒಳಭಾಗವು 70 ಡಿಗ್ರಿಗಿಂತ ಮೇಲೆ, ತೇವದೊಡನೆ, ಬಹಳ ಹೊತ್ತು ಇರಬೇಕಾಗುತ್ತದೆ. ಹತ್ತು ನಿಮಿಷದ ಒಣ ಗಾಳಿಯಲ್ಲಿ ಅದು ಆಗದ ಮಾತು. ಹೋಗಲಿ ಎಂದು ಸಮಯವನ್ನು 20 ನಿಮಿಷಕ್ಕೆ ಏರಿಸಿದರೆ ಕೊಲಾಜೆನ್ ಕರಗುವ ಮೊದಲೇ ನಾರುಗಳು ಕುಗ್ಗಿ ರಸವನ್ನೆಲ್ಲ ಹಿಂಡಿಬಿಡುತ್ತವೆ. ಎಳೆಯದಲ್ಲದ ಮಾಂಸವನ್ನು ಹೆಚ್ಚು ಹೊತ್ತು ಸುಟ್ಟಷ್ಟೂ ಅದು ಇನ್ನಷ್ಟು ಗಟ್ಟಿಯಾಗುವುದು ಇದರಿಂದಲೇ.

ವಯಸ್ಸನ್ನು ಅಂಗಡಿಯಲ್ಲಿಯೇ ತಿಳಿಯಬಹುದು. ಕುರಿಯ ಕೆಳದವಡೆಯ ಮುಂದಿನ ಹಾಲುಹಲ್ಲುಗಳು ಬಿದ್ದು ಮೊದಲ ಜೋಡಿ ಶಾಶ್ವತ ಹಲ್ಲುಗಳು ಬರುವುದು ಸುಮಾರು ಒಂದರಿಂದ ಒಂದೂವರೆ ವರ್ಷದ ನಡುವೆ. ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಸಂತೆಯಲ್ಲಿ ಕುರಿಯ ತುಟಿ ಬಿಡಿಸಿ ನೋಡಿ ವ್ಯಾಪಾರ ಮಾಡುವವರು ಹಲ್ಲು ಹಾಕದ್ದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು ಎಂದು ಹೇಳುವುದು ಈ ಲೆಕ್ಕದ ಮೇಲೆಯೇ. ಮಟನ್ ಅಂಗಡಿಯಲ್ಲಿ ತಲೆಯನ್ನು ಸಾಮಾನ್ಯವಾಗಿ ಪಕ್ಕದಲ್ಲಿಯೇ ಇಟ್ಟಿರುತ್ತಾರೆ. ನಾನು ಮೊದಲ ಸಲ ಹಲ್ಲು ತೋರಿಸಿ ಎಂದಾಗ ಅಂಗಡಿಯವರು ನಕ್ಕು, "ಸಾಕೋಕೆ ತಗೊಂಡು ಹೋಗ್ತೀರೇನಕ್ಕಾ" ಎಂದು ಕೇಳಿದರು. ಈಗ ನಾನು ಹೋದೊಡನೆ ಅವರೇ ತಲೆಯನ್ನು ಎತ್ತಿ, ಹೆಬ್ಬೆರಳಿನಿಂದ ಕೆಳತುಟಿಯನ್ನು ಇಳಿಸಿ ತೋರಿಸುತ್ತಾರೆ. ನಡುವಿನ ಎರಡು ಹಲ್ಲುಗಳು ಅಕ್ಕಪಕ್ಕದವಕ್ಕಿಂತ ಸ್ಪಷ್ಟವಾಗಿ ಅಗಲವಾಗಿದ್ದರೆ ಅದು ನೇರವಾಗಿ ಏರ್ ಫ್ರೈಯರ್‌ಗೆ ಹಾಕುವ ಮಾಂಸವಲ್ಲ ಎಂದು ತೀರ್ಮಾನಿಸಬಹುದು. ಮೇಕೆಯ ಮಾಂಸವಾದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅದರಲ್ಲಿ ಕೊಬ್ಬು ಕಡಿಮೆ, ಬೇಗ ಒಣಗುತ್ತದೆ.

ಎರಡನೆಯ ಕಾರಣವು ನನಗೆ ತಿಳಿದದ್ದು ತಡವಾಗಿ, ಆದರೆ ಈಗ ಅದನ್ನು ವಯಸ್ಸಿನಷ್ಟೇ ಮುಖ್ಯವೆಂದು ಎಣಿಸುತ್ತೇನೆ. ನಾವು ಮಾಂಸವನ್ನು ಬೆಳಿಗ್ಗೆ ಕೊಯ್ದಾಗಲೇ ತಂದು ಮಧ್ಯಾಹ್ನಕ್ಕೆ ಬೇಯಿಸುವುದನ್ನು ತಾಜಾತನವೆಂದು ಹೆಮ್ಮೆಪಡುತ್ತೇವೆ. ಸಾರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಪ್ರಾಣಿಯನ್ನು ಕೊಯ್ದ ಕೆಲವು ಗಂಟೆಗಳಲ್ಲಿ ಸ್ನಾಯುಗಳು ಸೆಡೆತುಕೊಂಡು ಬಿಗಿಯಾಗುತ್ತವೆ, ಮತ್ತು ಆ ಬಿಗಿತ ಸಡಿಲವಾಗಲು ತಂಪಿನಲ್ಲಿ ಸುಮಾರು ಒಂದು ದಿನ ಬೇಕು. ಬಿಗಿತದ ಹೊತ್ತಿನಲ್ಲಿಯೇ ಮಾಂಸವನ್ನು ಒಣ ಶಾಖಕ್ಕೆ ಒಡ್ಡಿದರೆ ಎಳೆ ಮರಿಯೂ ರಬ್ಬರಿನಂತಾಗುತ್ತದೆ. ಹಾಗಾಗಿ ಭಾನುವಾರದ ಊಟಕ್ಕೆ ಶನಿವಾರವೇ ತಂದು, ತಟ್ಟೆಯಲ್ಲಿ ಹರಡಿ, ಮೇಲೆ ಸಡಿಲವಾಗಿ ಮುಚ್ಚಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 24 ಗಂಟೆ ಇಡುವುದು ಉತ್ತಮ. ತಂದೊಡನೆ ಫ್ರೀಜರಿಗೆ ಹಾಕುವುದು ಇದಕ್ಕೆ ಪರ್ಯಾಯವಲ್ಲ. ಬಿಗಿತ ಮುಗಿಯುವ ಮೊದಲೇ ಹೆಪ್ಪುಗಟ್ಟಿದ ಮಾಂಸವು ಮಂಜು ಕರಗುವಾಗ ಮತ್ತೆ ಸೆಡೆತು ಇನ್ನಷ್ಟು ಗಟ್ಟಿಯಾಗುತ್ತದೆ.

ಪರಿಹಾರ ಹೀಗಿದೆ. ಹಲ್ಲು ಹಾಕದ ಮರಿಯಾದರೆ, ಒಂದು ದಿನ ತಂಪಿನಲ್ಲಿಟ್ಟ ಚಾಪ್ಸ್‌ಗಳನ್ನು ಅರ್ಧ ಗಂಟೆ ಮೊದಲು ಹೊರಗೆ ತೆಗೆದು, 200 ಡಿಗ್ರಿಗೆ ಮೊದಲೇ ಕಾಯಿಸಿದ ಬುಟ್ಟಿಯಲ್ಲಿ 10ರಿಂದ 12 ನಿಮಿಷ ಸುಡಬಹುದು. ಎರಡು ಹಲ್ಲಿನದು ಅಥವಾ ಅದಕ್ಕಿಂತ ಬಲಿತದ್ದಾದರೆ ಉಪ್ಪು, ಅರಿಸಿನ, ಶುಂಠಿ–ಬೆಳ್ಳುಳ್ಳಿ ಹಚ್ಚಿ, ಅರ್ಧ ಲೋಟ ನೀರಿನೊಡನೆ ಕುಕ್ಕರಿನಲ್ಲಿ ಎರಡು ಮೂರು ಕೂಗು ಕೂಗಿಸಿ, ಹೊರತೆಗೆದು ಹಬೆ ಆರುವವರೆಗೆ ಹತ್ತು ನಿಮಿಷ ಬಿಟ್ಟು, ಗಟ್ಟಿ ಮಸಾಲೆ ಸವರಿ, ಏರ್ ಫ್ರೈಯರ್‌ನಲ್ಲಿ ಐದಾರು ನಿಮಿಷ ಮಾತ್ರ ಇಡಬೇಕು. ಇಲ್ಲಿ ಬೇಯಿಸುವ ಕೆಲಸ ಕುಕ್ಕರಿನದು, ಬಣ್ಣ ಕೊಡುವ ಕೆಲಸವಷ್ಟೇ ಯಂತ್ರದ್ದು. ಕುಕ್ಕರಿನಲ್ಲಿ ಉಳಿದ ರಸವನ್ನು ಚೆಲ್ಲಬಾರದು. ಅದು ಮುದ್ದೆಯ ಸಾರಿಗೆ ಸೇರಬೇಕಾದದ್ದು.

ಪರಂಗಿಕಾಯಿಯ ಬಗ್ಗೆ ಒಂದು ಮಾತು. ಹಸಿ ಪರಂಗಿಕಾಯಿಯಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ಕತ್ತರಿಸುತ್ತದೆ ಎಂಬುದು ನಿಜ, ಆದರೆ ಅದು ಕೆಲಸ ಮಾಡುವುದು ಮೇಲ್ಮೈಯಲ್ಲಿ. ಕಿಲೋ ಮಾಂಸಕ್ಕೆ ಎರಡು ಚಮಚ ಅರೆದು ಹಚ್ಚಿ, ಗಂಟೆಯೊಂದರ ಮೇಲೆ ಬಿಡದಿದ್ದರೆ ಪ್ರಯೋಜನವಿದೆ. ರಾತ್ರಿಯಿಡೀ ಬಿಟ್ಟರೆ ಹೊರಪದರ ಹಿಟ್ಟಿನಂತೆ ಕಲಸಿಹೋಗಿ, ಒಳಗೆ ಗಟ್ಟಿ ಹಾಗೆಯೇ ಉಳಿಯುತ್ತದೆ. ನನಗೆ ಇದು ಚಕ್ಕಳಕ್ಕಿಂತ ಅಸಹ್ಯ.

ಲಕ್ಷಣ: ಒಂದು ತುಂಡು ಕರಿಕಾಗಿದೆ, ಪಕ್ಕದ್ದು ಹಸಿಯಾಗಿದೆ

ಅಳತೆಪಟ್ಟಿಯನ್ನು ಇಟ್ಟು ಹಸಿ ತುಂಡುಗಳ ದಪ್ಪವನ್ನು ನೋಡಿದರೆ ಈ ದೋಷದ ಮೂಲ ಒಮ್ಮೆಗೇ ಕಾಣುತ್ತದೆ. ಹಿಂದೆ ಹೇಳಿದ ಹೊಸತೊಡಕಿನ ಮಾಂಸವು ನಾವು ಆರೇಳು ಮನೆಯವರು ಸೇರಿ ಒಂದು ಟಗರು ಕೊಯ್ಸಿ ಹಾಕಿಸಿಕೊಂಡ ಗುಡ್ಡೆ ಮಾಂಸ. ಗುಡ್ಡೆಯಲ್ಲಿ ನ್ಯಾಯವಿರಬೇಕು, ಎಲ್ಲರಿಗೂ ಎಲ್ಲ ಭಾಗವೂ ಸಿಗಬೇಕು. ದಪ್ಪ ಒಂದೇ ಆಗಿರಬೇಕೆಂಬ ನಿಯಮ ಅಲ್ಲಿಲ್ಲ. ಉಳಿದಿದ್ದ ಹಸಿ ತುಂಡುಗಳನ್ನು ಮರುದಿನ ಅಳೆದಾಗ ಒಂದು 1 ಸೆಂಟಿಮೀಟರ್ ಇದ್ದರೆ ಇನ್ನೊಂದು 3 ಸೆಂಟಿಮೀಟರ್ ಇತ್ತು. ಶಾಖವು ಮಾಂಸದ ನಡುಭಾಗಕ್ಕೆ ತಲುಪುವ ಸಮಯವು ದಪ್ಪದ ಜೊತೆ ಸಮಸಮವಾಗಿ ಏರದೆ, ಹೆಚ್ಚುಕಡಿಮೆ ದಪ್ಪದ ವರ್ಗದಂತೆ ಏರುತ್ತದೆ. ಅಂದರೆ ದಪ್ಪ ಎರಡರಷ್ಟಾದರೆ ಸಮಯ ನಾಲ್ಕರಷ್ಟರ ಹತ್ತಿರ ಹೋಗುತ್ತದೆ. ಇಂಥ ಎರಡು ತುಂಡುಗಳನ್ನು ಒಂದೇ ಬುಟ್ಟಿಯಲ್ಲಿ ಒಟ್ಟಿಗೆ ಹದವಾಗಿ ಬೇಯಿಸುವ ಗುಂಡಿ ಯಾವ ಯಂತ್ರದಲ್ಲಿಯೂ ಇಲ್ಲ.

ಅಂಗಡಿಯಲ್ಲಿ "ಚಾಪ್ಸ್ ಕೊಡಿ" ಎಂದಷ್ಟೇ ಹೇಳಿದರೆ ಮಚ್ಚಿನ ಏಟು ಎಲ್ಲಿ ಬೀಳುತ್ತದೋ ಅಲ್ಲಿಗೆ ತುಂಡು. ಪಕ್ಕೆಲುಬಿನ ಸಾಲನ್ನು ಇಡಿಯಾಗಿ ತೆಗೆಸಿ, ಎರಡೆರಡು ಎಲುಬಿನ ನಡುವೆ ಮೊದಲು ಚಾಕುವಿನಿಂದ ಮಾಂಸ ಕೊಯ್ದು, ಬೆನ್ನುಮೂಳೆಯ ಗಂಟಿನ ಮೇಲೆ ಮಾತ್ರ ಮಚ್ಚು ಹಾಕಿಸಬೇಕು. ಒಂದೊಂದು ಒಂದೂವರೆ ಬೆರಳು ದಪ್ಪ ಬರಲಿ ಎಂದು ಕೈಬೆರಳನ್ನೇ ತೋರಿಸಿ ಹೇಳುವುದು ಸುರಕ್ಷಿತ. ಮೂಳೆಯ ಚೂರುಗಳು ಮಾಂಸದೊಳಗೆ ಸೇರುವುದೂ ಇದರಿಂದ ತಪ್ಪುತ್ತದೆ. ಗುಡ್ಡೆಯಲ್ಲಿ ಬಂದ ತುಂಡುಗಳನ್ನು ದಪ್ಪವಿರುವವು, ತೆಳುವಿರುವವು ಎಂದು ಬೇರ್ಪಡಿಸಿ ಎರಡು ಸರದಿ ಮಾಡುವುದೊಂದೇ ದಾರಿ.

ದಪ್ಪ ಒಂದೇ ಇದ್ದೂ ಒಂದು ಬದಿಯ ತುಂಡುಗಳೇ ಪ್ರತಿಸಲ ಕರಿಕಾಗುತ್ತಿದ್ದರೆ ಆಗ ಯಂತ್ರವನ್ನು ಸಂದೇಹಿಸಬಹುದು. ಬುಟ್ಟಿಯ ತಳ ಮುಚ್ಚುವಂತೆ ಬ್ರೆಡ್ ಚೂರುಗಳನ್ನು ಜೋಡಿಸಿ, ಮೇಲಕ್ಕೆ ಹಾರದಂತೆ ಉಕ್ಕಿನ ಜಾಲರಿಯೊಂದನ್ನು ಮೇಲಿಟ್ಟು, 180 ಡಿಗ್ರಿಯಲ್ಲಿ ನಾಲ್ಕು ನಿಮಿಷ ಬಿಟ್ಟು ನೋಡಿದರೆ ಶಾಖ ಎಲ್ಲಿ ಹೆಚ್ಚು ಬೀಳುತ್ತಿದೆ ಎಂಬುದು ಬ್ರೆಡ್ಡಿನ ಮೇಲೆಯೇ ನಕ್ಷೆಯಂತೆ ಮೂಡುತ್ತದೆ. ಅಲ್ಪಸ್ವಲ್ಪ ವ್ಯತ್ಯಾಸ ಎಲ್ಲ ಯಂತ್ರಗಳಲ್ಲಿಯೂ ಇರುತ್ತದೆ. ಮಗುಚುವಾಗ ತುಂಡುಗಳ ಜಾಗವನ್ನೂ ಅದಲುಬದಲು ಮಾಡಿದರೆ ಸಾಕು.

ಲಕ್ಷಣ: ಬೆಂದಿದೆ, ಆದರೆ ಬಿಳುಚಿಕೊಂಡು ನೀರೊಡೆದಿದೆ

ಮಾಂಸವು ಕಂದುಬಣ್ಣಕ್ಕೆ ತಿರುಗಿ ಸುಟ್ಟ ಪರಿಮಳ ಬರುವುದಕ್ಕೆ ಕಾರಣವಾದ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅದು ಚುರುಕಾಗುವುದು ಮೇಲ್ಮೈಯ ಶಾಖ ಸುಮಾರು 140 ಡಿಗ್ರಿ ದಾಟಿದ ಮೇಲೆ. ಮೇಲ್ಮೈಯಲ್ಲಿ ನೀರು ನಿಂತಿರುವವರೆಗೆ ಅಲ್ಲಿನ ಶಾಖವು ನೀರು ಕುದಿಯುವ ಮಟ್ಟವನ್ನು ದಾಟುವುದಿಲ್ಲ. ಆದ್ದರಿಂದ ಬಿಳುಚಿದ ಚಾಪ್ಸ್ ಕಂಡೊಡನೆ ಹುಡುಕಬೇಕಾದದ್ದು ನೀರು ಎಲ್ಲಿಂದ ಬಂತು ಎಂಬುದನ್ನು.

ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯದೆ ಹಾಕಿರಬಹುದು. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿಯ ಹಸಿ ಮಸಾಲೆಯನ್ನು ಮಿಕ್ಸಿ ತಿರುಗಲೆಂದು ನೀರು ಸುರಿದು ಅರೆದಿರಬಹುದು. ತೊಳೆದ ಮಾಂಸವನ್ನು ಒರೆಸದೆ ಇದ್ದಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಬುಟ್ಟಿಯಲ್ಲಿ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿರಬಹುದು. ಏರ್ ಫ್ರೈಯರ್ ಎಂದರೆ ಮೇಲೊಂದು ಕಾಯಿಲ್, ಅದರ ಹಿಂದೊಂದು ಫ್ಯಾನ್. ಬಿಸಿಗಾಳಿ ತುಂಡಿನ ಸುತ್ತ ಹರಿಯಲು ಜಾಗವಿಲ್ಲದಿದ್ದರೆ ಅದು ಇಡ್ಲಿ ಪಾತ್ರೆಯಾಗುತ್ತದೆ. ನಾಲ್ಕು ಲೀಟರಿನ ಬುಟ್ಟಿಗೆ ನಾನು ಅರ್ಧ ಕಿಲೋಗಿಂತ ಹೆಚ್ಚು ಹಾಕುವುದಿಲ್ಲ. ಒರೆಸಿದ ತುಂಡಿಗೆ ಒಂದು ಚಮಚ ಕಡಲೆಕಾಯಿ ಎಣ್ಣೆ ಸವರಿದರೆ ಶಾಖವೂ ಸಮವಾಗಿ ಹಿಡಿಯುತ್ತದೆ.

ಇವೆಲ್ಲ ಸರಿಯಿದ್ದೂ ಬಣ್ಣ ಬರದಿದ್ದರೆ ವೋಲ್ಟೇಜನ್ನು ನೋಡಬೇಕು. ಇದನ್ನು ನಾನು ಕಂಡುಕೊಂಡದ್ದು ಗುಬ್ಬಿ ಬಳಿಯ ನಮ್ಮವರ ತೋಟದ ಮನೆಯಲ್ಲಿ. ಅದೇ ಯಂತ್ರ, ಅದೇ ಅಂಗಡಿಯ ಮರಿ, ಅದೇ 12 ನಿಮಿಷ. ತುಮಕೂರಿನಲ್ಲಿ ಕೆಂಪಗೆ ಬಂದದ್ದು ಅಲ್ಲಿ ಬೂದುಬಣ್ಣದಲ್ಲಿ ಬಂತು. ಸುತ್ತಲಿನ ತೋಟಗಳ ಪಂಪ್‌ಸೆಟ್‌ಗಳೆಲ್ಲ ಓಡುತ್ತಿದ್ದ ಹೊತ್ತದು, ಸ್ಟೆಬಿಲೈಸರಿನ ಮುಳ್ಳು 190ರಲ್ಲಿ ನಿಂತಿತ್ತು. ಕಾಯಿಲ್‌ನ ಶಕ್ತಿಯು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, 230 ವೋಲ್ಟಿನಲ್ಲಿ 1500 ವ್ಯಾಟ್ ಕೊಡುವ ಯಂತ್ರ 190 ವೋಲ್ಟಿನಲ್ಲಿ ಕೊಡುವುದು ಸುಮಾರು 1020 ವ್ಯಾಟ್ ಮಾತ್ರ. ಪರದೆಯ ಮೇಲೆ 200 ಎಂದೇ ತೋರಿಸುತ್ತಿದ್ದರೂ ಒಳಗೆ ಅಷ್ಟು ಶಾಖ ಏರಿರುವುದಿಲ್ಲ. ಇದನ್ನು ಕಿವಿಯಿಂದಲೂ ಪರೀಕ್ಷಿಸಬಹುದು: ಅನೇಕ ಯಂತ್ರಗಳಲ್ಲಿ ನಿಗದಿತ ಶಾಖ ತಲುಪಿದ ಮೇಲೆ ಕಾಯಿಲ್ ಆರಿ ಹೊತ್ತುವಾಗ ಟಕ್ ಎಂಬ ಸಣ್ಣ ಸದ್ದು ಕೇಳುತ್ತದೆ. ಹೊತ್ತು ಮುಗಿಯುವವರೆಗೆ ಆ ಸದ್ದು ಒಮ್ಮೆಯೂ ಬರದಿದ್ದರೆ ಕಾಯಿಲ್ ಏದುಸಿರು ಬಿಡುತ್ತಿದೆ ಎಂದೇ ಅರ್ಥ. ಆಗ ಬುಟ್ಟಿಗೆ ಅರ್ಧದಷ್ಟೇ ತುಂಬಿ, ಮೊದಲೇ ಎಂಟು ನಿಮಿಷ ಕಾಯಿಸಿ, ಮಗುಚಲು ಒಮ್ಮೆ ಮಾತ್ರ ತೆರೆಯಬೇಕು. 1500 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುವುದರಿಂದ ಅದನ್ನು ಸಣ್ಣ ಪಿನ್ನಿನ 6 ಆಂಪಿಯರ್ ಸಾಕೆಟ್ಟಿಗಾಗಲಿ ತೆಳುವಾದ ಎಕ್ಸ್‌ಟೆನ್ಷನ್ ವೈರಿಗಾಗಲಿ ಹಾಕಬಾರದು. ಪ್ಲಗ್ ಮುಟ್ಟಿದರೆ ಬಿಸಿಯಾಗಿದೆ ಎಂದಾದರೆ ಅಡುಗೆಯನ್ನು ಅಲ್ಲಿಗೇ ನಿಲ್ಲಿಸಬೇಕು.

ಲಕ್ಷಣ: ಹೊಗೆ, ಸುಟ್ಟ ವಾಸನೆ

ಬಿಳಿ ಹೊಗೆಯಾದರೆ ಕೊಬ್ಬು ಕೆಳಗಿನ ತಟ್ಟೆಗೆ ತೊಟ್ಟಿಕ್ಕಿ ಕಾದು ಹೊಗೆಯಾಡುತ್ತಿದೆ. ಅಂಚಿನ ಕೊಬ್ಬನ್ನು ಅರ್ಧ ಸೆಂಟಿಮೀಟರಿನಷ್ಟು ಉಳಿಸಿ ಮಿಕ್ಕದ್ದನ್ನು ಸವರಿ ತೆಗೆಯಬೇಕು. ಪುಸ್ತಿಕೆಯಲ್ಲಿ ಅಡ್ಡಿ ಹೇಳಿಲ್ಲವಾದರೆ ಜಾಲರಿಯ ಕೆಳಗೆ ಎರಡು ಮೂರು ಚಮಚ ನೀರು ಹಾಕಬಹುದು. ಎರಡನೆಯ ಸರದಿಗೆ ಮೊದಲು ತಟ್ಟೆಯ ಕೊಬ್ಬನ್ನು ಬಸಿಯುವುದನ್ನು ಮರೆತರೆ ಮೊದಲ ಸರದಿಯಲ್ಲಿ ಇಲ್ಲದ ಹೊಗೆ ಆಗ ಬರುತ್ತದೆ.

ಕಪ್ಪು ಹೊಗೆಯಾದರೆ ಪ್ಲಗ್ ತೆಗೆದು, ಪೂರ್ತಿ ಆರಿದ ಮೇಲೆ ಕಾಯಿಲ್ ನೋಡಬೇಕು. ನಮ್ಮ ಹಸಿ ಮಸಾಲೆಯ ಕೊತ್ತಂಬರಿ ಎಲೆಯ ಚೂರುಗಳು ಒಣಗಿದೊಡನೆ ಫ್ಯಾನಿನ ಗಾಳಿಗೆ ಮೇಲೆದ್ದು ಕಾಯಿಲ್‌ಗೆ ಅಂಟುತ್ತವೆ. ಒಮ್ಮೆ ಬುಟ್ಟಿಯನ್ನು ಎಳೆದು ಟಾರ್ಚ್ ಹಾಕಿ ಮೇಲೆ ನೋಡಿದಾಗ ಕಾಯಿಲ್‌ನ ಸುರುಳಿಯುದ್ದಕ್ಕೂ ಕರಿ ಹುಣಸೆನಾರಿನಂತೆ ಅವು ಜೋತುಬಿದ್ದಿದ್ದವು. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬ್ರಷ್ಷಿನಿಂದ ತೆಗೆಯಬೇಕು, ನೀರು ಸುರಿಯಬಾರದು. ಮಸಾಲೆಯನ್ನು ನುಣ್ಣಗೆ ಅರೆದು ಎಣ್ಣೆಯೊಡನೆ ಕಲಸಿ ಹಚ್ಚಿದರೆ ಹಾರುವುದು ನಿಲ್ಲುತ್ತದೆ. ಖಾರದ ಪುಡಿ, ಧನಿಯಾ ಪುಡಿಗಳು 200 ಡಿಗ್ರಿಯಲ್ಲಿ ಬೇಗ ಕರಿಕಾಗಿ ಕಹಿಯಾಗುವುದರಿಂದ ಅವನ್ನು ಮಗುಚುವಾಗ ಸವರುವುದು ಲೇಸು.

ತುಂಡುಗಳು ಬಟ್ಟಲಿನಂತೆ ಮುದುಡುತ್ತಿದ್ದರೆ ಅಂಚಿನ ಪೊರೆ ಕುಗ್ಗುತ್ತಿದೆ. ಎರಡು ಸೆಂಟಿಮೀಟರಿಗೊಂದರಂತೆ ಗೀರಿದರೆ ಸಾಕು. ಟಗರಿನ ಸೊಗಡು ಹೆಚ್ಚಾಯಿತೆನ್ನುವವರು ಕೊಬ್ಬನ್ನು ಇನ್ನಷ್ಟು ಸವರಲಿ, ಆ ವಾಸನೆ ಇರುವುದು ಕೊಬ್ಬಿನಲ್ಲಿ. ಸೊಗಡೇ ಇಲ್ಲದಿದ್ದರೆ ಕೋಳಿಯನ್ನೇ ತರಬಹುದಿತ್ತಲ್ಲ ಎಂದು ನಮ್ಮ ಮನೆಯವರ ವಾದ.

ಲಕ್ಷಣ: ಮೂಳೆಯ ಪಕ್ಕದಲ್ಲಿ ಕೆಂಪು

ಇದು ದೋಷವೋ ಅಲ್ಲವೋ ಎಂಬುದನ್ನು ಕಣ್ಣಿನಿಂದ ನಿರ್ಧರಿಸಬಾರದು. ಎಳೆ ಪ್ರಾಣಿಯ ಮೂಳೆಯಿಂದ ಮಜ್ಜೆಯ ಬಣ್ಣ ಹೊರಗೆ ಜಿನುಗಿ ಪೂರ್ತಿ ಬೆಂದ ಮಾಂಸವೂ ಮೂಳೆಯ ಬಳಿ ಕೆಂಪಗೆ ಕಾಣಬಹುದು. ಥರ್ಮಾಮೀಟರಿನ ಮುಳ್ಳನ್ನು ಬದಿಯಿಂದ, ಮೂಳೆಗೆ ತಾಗದಂತೆ ತುಂಡಿನ ನಡುವಿಗೆ ಚುಚ್ಚಬೇಕು. ಇಡಿ ತುಂಡಿನ ಕುರಿಮಾಂಸಕ್ಕೆ ಅಮೆರಿಕದ ಕೃಷಿ ಇಲಾಖೆ ಹೇಳುವ ಸುರಕ್ಷಿತ ಮಟ್ಟ 63 ಡಿಗ್ರಿ, ಆಮೇಲೆ ಮೂರು ನಿಮಿಷದ ವಿಶ್ರಾಂತಿ. ಕೆಂಪು ಒಪ್ಪದ ನಮ್ಮ ನಾಲಿಗೆಗೆ 70 ಡಿಗ್ರಿ ಹೊಂದುತ್ತದೆ. 67–68ಕ್ಕೆ ಹೊರತೆಗೆದು ಮುಚ್ಚಿಟ್ಟರೆ ಉಳಿದದ್ದನ್ನು ಒಳಗಿನ ಬಿಸಿಯೇ ಏರಿಸಿಕೊಳ್ಳುತ್ತದೆ. ನಾಲ್ಕು ಮುದ್ದೆ ಕಟ್ಟಿ ತಟ್ಟೆಗಿಡುವಷ್ಟು ಹೊತ್ತು ಅದಕ್ಕೆ ಸಾಕು.

ಥರ್ಮಾಮೀಟರನ್ನೇ ನಂಬಬಹುದೇ ಎಂದು ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು ಒಂದು ವಿಷಯ ತಿಳಿದಿರಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. 97 ತೋರಿಸಿದ ಥರ್ಮಾಮೀಟರನ್ನು ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಲು ಹೊರಟಿದ್ದ ನನಗೆ ಇದನ್ನು ತಿಳಿಸಿದ್ದು ಎಂಟನೇ ತರಗತಿಯ ಮಗ.

ಈಗಾಗಲೇ ಕೆಟ್ಟಿರುವ ತುಂಡುಗಳಿಗೆ

ಗಟ್ಟಿಯಾದದ್ದನ್ನು ಮತ್ತೆ ಏರ್ ಫ್ರೈಯರ್‌ಗೆ ಹಾಕಬಾರದು. ಈರುಳ್ಳಿ, ಟೊಮೆಟೊ ಹುರಿದು, ಚಕ್ಕೆ–ಲವಂಗ, ತೆಂಗಿನಕಾಯಿ ಅರೆದ ಮಸಾಲೆ ಸೇರಿಸಿ, ತುಂಡುಗಳು ಮುಳುಗುವಷ್ಟು ನೀರಿನೊಡನೆ ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿದರೆ ಕೊಲಾಜೆನ್ ಕರಗಿ ಸಾರಿಗೆ ಮಂದ ಬರುತ್ತದೆ, ಸುಟ್ಟ ಹೊರಮೈಯ ಪರಿಮಳವೂ ಸಾರಿಗಿಳಿಯುತ್ತದೆ. ಆ ಹೊಸತೊಡಕಿನ ದಿನ ಉಳಿದ ಹನ್ನೊಂದು ತುಂಡುಗಳನ್ನು ಅತ್ತೆ ಹೀಗೆಯೇ ಮಾಡಿದರು. ರಾತ್ರಿ ಊಟದಲ್ಲಿ ಒಂದೂ ಉಳಿಯಲಿಲ್ಲ.